ಪಾತ್ರಚಿತ್ರಣ ಎಂದರೆ ಮೂಗು, ಬಣ್ಣ, ಎತ್ತರ ಅಲ್ಲ

ಮೊನ್ನೆ ಒಂದು ಕಥಾಸ್ಪರ್ಧೆಯ ತೀರ್ಪುಗಾರರ ಟಿಪ್ಪಣಿ ಓದಿದೆ. ‘ಪಾತ್ರಚಿತ್ರಣ ದುರ್ಬಲ. ನಾಯಕಿ ನೋಡಲು ಹೇಗಿದ್ದಾಳೆ ಎಂಬುದೇ ಗೊತ್ತಾಗುವುದಿಲ್ಲ’ ಎಂದು ಬರೆದಿದ್ದರು.

ಆ ಕತೆಯನ್ನು ನಾನೂ ಓದಿದ್ದೆ. ತಾಯಿ ತೀರಿಕೊಂಡ ಮೇಲೆ ತವರಿನಲ್ಲಿ ಪಾಲು ನಡೆಯುವ ದಿನ. ಮಗಳು ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಕೆಳಗಿಳಿಸುತ್ತಾಳೆ. ಅಮ್ಮನ ಹೆಸರು ಹಾಕಿಸಿದ ಸ್ಟೀಲು ಪಾತ್ರೆಗಳನ್ನು ಅಣ್ಣನ ಕಡೆ ಜೋಡಿಸುತ್ತಾಳೆ. ಹೆಸರಿಲ್ಲದವು ತನ್ನ ಕಡೆ. ಹೊರಡುವಾಗ ಯಾರಿಗೂ ಕಾಣದ ಹಾಗೆ ಒಂದು ಮುಚ್ಚಳವನ್ನು ಬ್ಯಾಗಿನೊಳಗೆ ಇಟ್ಟುಕೊಳ್ಳುತ್ತಾಳೆ. ಅಷ್ಟೇ ಕತೆ. ಅವಳ ಮೈಬಣ್ಣ ನನಗೂ ಗೊತ್ತಾಗಲಿಲ್ಲ ನಿಜ. ಆದರೆ ಅವಳು ಎಂಥವಳು ಅನ್ನುವುದು ಚೆನ್ನಾಗಿ ಗೊತ್ತಾಯಿತು. ಪಾತ್ರಚಿತ್ರಣ ಎನ್ನುವುದು ಇದಕ್ಕೇ ಅಲ್ವಾ?

ಈ ಪದ ಹೀಗೆ ತಪ್ಪು ಜಾಗದಲ್ಲಿ ಬೀಳುವುದನ್ನು ಎಷ್ಟು ಸಲ ನೋಡಿದ್ದೇನೋ. ಮೊದಲ ಪ್ಯಾರಾದಲ್ಲೇ ‘ಐದೂವರೆ ಅಡಿ ಎತ್ತರ, ಗೋಧಿ ಬಣ್ಣ, ಮೃದು ಸ್ವಭಾವ, ಬಿಎಸ್ಸಿ ಪದವೀಧರೆ’ ಎಂದು ಬರೆದರೆ ಒಳ್ಳೆಯ ಪಾತ್ರಚಿತ್ರಣ ಎಂಬ ಹೊಗಳಿಕೆ. ಬರೆಯದಿದ್ದರೆ ತಕರಾರು. ಗಂಡು ನೋಡುವವರಿಗೆ ಕಳಿಸುವ ಬಯೋಡೇಟಾಕ್ಕೂ ಕತೆಗೂ ವ್ಯತ್ಯಾಸ ಬೇಡವೇ?

ತಪ್ಪಿನ ಮೂಲ ‘ಚಿತ್ರಣ’ ಎಂಬ ಎರಡನೇ ಅರ್ಧದಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಚಿತ್ರ ಎಂದಕೂಡಲೇ ನಮ್ಮ ಕಣ್ಣಿಗೆ ಮುಖ ಬರುತ್ತದೆ. ಹಾಗಾಗಿ ಮುಖ ಬಿಡಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಮೊದಲ ಅರ್ಧವನ್ನು ಯಾರೂ ನೋಡುವುದೇ ಇಲ್ಲ. ಗುಟ್ಟು ಇರುವುದು ಅಲ್ಲಿ.

ಪಾತ್ರ ಸಂಸ್ಕೃತದ ಮಾತು. ‘ಪಾ’ ಎಂದರೆ ಕುಡಿ. ‘ತ್ರ’ ಎಂಬುದು ಸಾಧನವನ್ನು ಹೇಳುವ ಪ್ರತ್ಯಯ. ಉಡುವುದಕ್ಕೆ ವಸ್ತ್ರ, ಕಡಿಯುವುದಕ್ಕೆ ಶಸ್ತ್ರ, ಕುಡಿಯುವುದಕ್ಕೆ ಪಾತ್ರ. ನಮ್ಮ ಅಡುಗೆಮನೆಯ ಪಾತ್ರೆ ಇದರದೇ ರೂಪ. ಏನನ್ನಾದರೂ ಹಿಡಿದಿಟ್ಟುಕೊಳ್ಳುವುದು ಎಂಬ ಈ ಅರ್ಥ ಎಲ್ಲೆಲ್ಲಿಗೆ ಹರಿದಿದೆ ನೋಡಿ. ನೀರನ್ನು ಹಿಡಿದಿಡುವ ತಗ್ಗು ನದಿಪಾತ್ರ; ಮಳೆಗಾಲದ ಸುದ್ದಿಯಲ್ಲಿ ‘ನದಿಪಾತ್ರದ ಜನ ಎಚ್ಚರ’ ಎಂದು ದಿನಾ ಕೇಳುತ್ತೇವೆ. ಕೊಟ್ಟದ್ದನ್ನು ಉಳಿಸಿಕೊಳ್ಳಬಲ್ಲವನು ದಾನಕ್ಕೆ ಪಾತ್ರ. ಉಳಿಸಿಕೊಳ್ಳಲಾರದವನು ಅಪಾತ್ರ. ಪ್ರೀತಿಪಾತ್ರ, ಕೃಪಾಪಾತ್ರ ಎಲ್ಲ ಇದೇ ಸಾಲು. ನಾಟಕದವರ ಕೈಗೂ ಈ ಪದ ಬಹಳ ಹಿಂದೆಯೇ ಬಂದಿದೆ. ಕಾಳಿದಾಸನ ಶಾಕುಂತಲದ ಆರಂಭದಲ್ಲಿ ಒಂದೊಂದು ಪಾತ್ರದ ಮೇಲೂ ಗಮನ ಇರಲಿ ಎಂಬ ಮಾತಿದೆ. ಹಳೆಯ ಕನ್ನಡ ಶಾಸನಗಳಲ್ಲಿ ದೇವಸ್ಥಾನದಲ್ಲಿ ಕುಣಿಯುವವಳಿಗೂ ಪಾತ್ರ ಎಂದೇ ಹೆಸರು. ರಸವನ್ನು ತುಂಬಿಕೊಳ್ಳುವ ಮೈ ಅದು.

ಇಂಗ್ಲಿಷಿನ ‘ಕ್ಯಾರೆಕ್ಟರ್’ ಹುಟ್ಟಿದ್ದು ಬೇರೆಯೇ ಕಡೆ. ಗ್ರೀಕಿನಲ್ಲಿ ಅದು ಕೊರೆಯುವ ಉಳಿ, ಒತ್ತಿದ ಮುದ್ರೆ. ನಾಣ್ಯದ ಮೇಲೆ ಅಚ್ಚು ಬಿದ್ದ ಹಾಗೆ ಮನುಷ್ಯನ ಮೇಲೆ ಬಿದ್ದ ಗುರುತು. ಆ ಒಂದೇ ಪದ ಅವರಿಗೆ ಕತೆಯ ವ್ಯಕ್ತಿಯೂ ಹೌದು, ಸ್ವಭಾವವೂ ಹೌದು. ನಮ್ಮಲ್ಲಿ ಪಾತ್ರ ಬೇರೆ, ಸ್ವಭಾವ ಬೇರೆ, ನಡತೆ ಬೇರೆ. ಆದರೂ ‘ಅವನ ಕ್ಯಾರೆಕ್ಟರ್ ಸರಿ ಇಲ್ಲ’ ಎಂಬ ಬೀದಿ ಮಾತು ವಿಮರ್ಶೆಗೂ ನುಗ್ಗಿಬಿಟ್ಟಿದೆ. ಕುಡುಕನನ್ನು ಬರೆದರೆ ಪಾತ್ರಚಿತ್ರಣ ಸರಿ ಇಲ್ಲ, ಸೊಸೆ ತಿರುಗಿ ಮಾತಾಡಿದರೆ ಸರಿ ಇಲ್ಲ. ಕತೆಗಾರ ಕೊಡಬೇಕಾದದ್ದು ಹೈಸ್ಕೂಲಿನ ನಡತೆ ಪ್ರಮಾಣಪತ್ರವಲ್ಲ.

ಕರಾವಳಿಯವರಿಗೆ ನಾನು ಇದನ್ನು ಹೀಗೆ ಹೇಳುತ್ತೇನೆ: ಸಣ್ಣಕತೆ ಯಕ್ಷಗಾನದ ಬಯಲಾಟವಲ್ಲ, ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ. ಬಯಲಾಟದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ಇಣುಕಿದರೆ ಸಾಕು, ಬಂದವನು ರಾಕ್ಷಸ ಎಂದು ಮಗುವಿಗೂ ಗೊತ್ತು. ತಾಳಮದ್ದಳೆಯಲ್ಲಿ ಬಣ್ಣವೂ ಇಲ್ಲ, ಕಿರೀಟವೂ ಇಲ್ಲ. ಪಂಚೆ ಉಟ್ಟವರು ಎದುರು ಬದುರು ಕೂತಿರುತ್ತಾರೆ. ಅದೇ ಪ್ರಸಂಗ, ಅದೇ ಪದ್ಯ. ಆದರೂ ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಒಬ್ಬ ಅರ್ಥಧಾರಿಯ ಕರ್ಣ ನೊಂದವನು, ಇನ್ನೊಬ್ಬರ ಕರ್ಣ ಬೀಗುವವನು. ಯಾವ ಮಾತಿಗೆ ಉತ್ತರ ಕೊಟ್ಟ, ಯಾವುದಕ್ಕೆ ಸುಮ್ಮನಾದ ಎಂಬುದರಲ್ಲೇ ಆ ವ್ಯತ್ಯಾಸ.

ರಷ್ಯದ ಕತೆಗಾರ ಚೆಕಾಫ್ 1886ರಲ್ಲಿ ತನ್ನ ಅಣ್ಣನಿಗೆ ಬರೆದ ಕಾಗದದಲ್ಲಿ ಹೇಳಿದ್ದೂ ಇದನ್ನೇ. ಪಾತ್ರದ ಮನಸ್ಸಿನ ಸ್ಥಿತಿಯನ್ನು ವರ್ಣಿಸಲು ಹೋಗಬೇಡ, ಅದು ಮಾಡುವ ಕೆಲಸದಿಂದ ತಿಳಿಯಲಿ ಎಂದು. 1899ರಲ್ಲಿ ಬಂದ ಅವನ ‘ನಾಯಿಯ ಜೊತೆಗಿನ ಹೆಂಗಸು’ ಕತೆಯಲ್ಲಿ ಇದನ್ನು ಮಾಡಿ ತೋರಿಸಿದ್ದಾನೆ. ಯಾಲ್ಟಾದ ಹೋಟೆಲ್ ಕೋಣೆ. ಗಂಡನಿಗೆ ಮೋಸ ಮಾಡಿದೆನಲ್ಲ ಎಂದು ಆನ್ನಾ ಕುಸಿದು ಕೂತಿದ್ದಾಳೆ. ಮೇಜಿನ ಮೇಲೆ ಒಂದು ಕಲ್ಲಂಗಡಿ. ಅವಳ ಪ್ರಿಯಕರ ಗುರೊವ್ ಒಂದು ಹೋಳು ಕತ್ತರಿಸಿಕೊಂಡು ನಿಧಾನವಾಗಿ ತಿನ್ನುತ್ತಾನೆ. ಅರ್ಧ ಗಂಟೆಯಾದರೂ ಮಾತಿಲ್ಲದೆ ಕಳೆಯುತ್ತದೆ. ‘ಗುರೊವ್‌ಗೆ ಹೆಂಗಸರ ನೋವು ತಟ್ಟುತ್ತಿರಲಿಲ್ಲ’ ಎಂದು ಬರೆದಿದ್ದರೆ ನಾವು ಓದಿ ಮುಂದೆ ಹೋಗುತ್ತಿದ್ದೆವು. ಕಲ್ಲಂಗಡಿ ಮಾತ್ರ ಮರೆಯುವುದಿಲ್ಲ. ಅದೇ ಮನುಷ್ಯ ಮುಂದೆ ಬದಲಾದಾಗ, ಎಲ್ಲಿಂದ ಎಲ್ಲಿಗೆ ಬಂದ ಎಂದು ಅಳೆಯುವುದಕ್ಕೂ ಆ ಹೋಳೇ ಬೇಕು.

ನಮ್ಮ ಮಾಸ್ತಿಯವರ ಮೊಸರಿನ ಮಂಗಮ್ಮನನ್ನು ನೋಡಿ. ಮೊಮ್ಮಗನನ್ನು ಸೊಸೆ ಹೊಡೆದದ್ದಕ್ಕೆ ಜಗಳವಾಗಿ ಬೇರೆಯಾದವಳು. ಯಾರಿಗೆಂದು ದುಡ್ಡು ಕೂಡಿಡಲಿ ಎಂದು ಒಂದು ಮಖಮಲ್ಲಿನ ಜಾಕೀಟು ಹೊಲಿಸಿಕೊಳ್ಳುತ್ತಾಳೆ. ಆ ಒಂದು ಬಟ್ಟೆಯಲ್ಲಿ ಎಷ್ಟೆಲ್ಲ ಇದೆ! ಸೊಸೆಯ ಮೇಲಿನ ಸಿಟ್ಟು, ಇಷ್ಟು ವರ್ಷ ತನಗೆಂದು ಏನೂ ಮಾಡಿಕೊಳ್ಳದ ಸಂಕಟ, ಜೊತೆಗೆ ಒಂಟಿತನ. ಮಂಗಮ್ಮ ಹಠಮಾರಿ, ಆದರೆ ಒಳಗೆ ಮೃದು ಎಂದು ಬಿಡಿಸಿ ಹೇಳಿದ್ದರೆ ಜಾಕೀಟಿನ ಬೆಲೆ ಅಲ್ಲೇ ಹೋಗುತ್ತಿತ್ತು.

ಕನ್ನಡದ ಕತೆಗಾರರ ಕೈಯಲ್ಲಿ ಇನ್ನೊಂದು ದೊಡ್ಡ ಸಾಧನ ಇದೆ. ಅದನ್ನು ಜಾಸ್ತಿ ಜನ ಬಳಸುವುದೇ ಇಲ್ಲ ಎಂಬುದು ನನಗೆ ಬೇಜಾರು. ಬಾ, ಬಾರೋ, ಬಾರಪ್ಪ, ಬನ್ನಿ, ಬರ್ರೀ. ಯಾರಿಗೆ ಯಾವುದು ಎಂಬುದರಲ್ಲೇ ಅರ್ಧ ಸ್ವಭಾವ ಹೊರಗೆ ಬರುತ್ತದೆ. ಅಪಾರ್ಟ್‌ಮೆಂಟಿನ ಒಬ್ಬ ಯಜಮಾನ ತನಗಿಂತ ಹಿರಿಯನಾದ ವಾಚ್‌ಮನ್‌ಗೆ ದಿನಾ ‘ಏಯ್, ಗೇಟ್ ತೆಗಿಯೋ’ ಎನ್ನುತ್ತಾನೆ. ವಾಚ್‌ಮನ್ ಮಗ ಪಿಎಸ್‌ಐ ಆದ ಎಂದು ತಿಳಿದ ಮರುದಿನ ಅವನೇ ‘ಸ್ವಲ್ಪ ಗೇಟ್ ತೆಗೀತೀರಾ’ ಎನ್ನುತ್ತಾನೆ. ಇಷ್ಟು ಬರೆದ ಮೇಲೆ ಅವನ ಬಗ್ಗೆ ಬೇರೆ ವಿಶೇಷಣ ಯಾಕೆ? ಎಲ್ಲ ಪಾತ್ರಗಳ ಬಾಯಲ್ಲೂ ಒಂದೇ ಪುಸ್ತಕದ ಕನ್ನಡ ಹಾಕುವವರು ಈ ಸಾಧನವನ್ನು ತಾವಾಗಿಯೇ ಬಿಸಾಡಿದ ಹಾಗೆ.

ಉಳಿದವರ ನಡವಳಿಕೆಯೂ ಮುಖ್ಯ ಪಾತ್ರವನ್ನು ತೋರಿಸುತ್ತದೆ. ಅಪ್ಪನ ಸ್ಕೂಟರ್ ಸದ್ದು ಕೇಳಿದ ಕೂಡಲೇ ಮಕ್ಕಳು ಟಿವಿ ಆರಿಸಿದರೆ, ಅಪ್ಪ ಇನ್ನೂ ಒಳಗೆ ಬರದಿದ್ದರೂ ನಮಗೆ ಗೊತ್ತಾಗಿರುತ್ತಾನೆ.

ಹಾಗಂತ ಏನನ್ನೂ ನೇರವಾಗಿ ಹೇಳಲೇಬಾರದು ಎಂಬ ನಿಯಮವನ್ನೂ ನಾನು ಒಪ್ಪುವುದಿಲ್ಲ. ‘ಅವಳು ಮಾತು ಕಡಿಮೆ’ ಎಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಬಹುದು. ಕತೆ ಯಾವ ಗುಣದ ಮೇಲೆ ನಿಂತಿದೆಯೋ ಅದನ್ನು ಮಾತ್ರ ಹೇಳಿ ಮುಗಿಸಬಾರದು. ರೂಪ ಬರೆಯುವುದೂ ತಪ್ಪಲ್ಲ, ಅದಕ್ಕೆ ಕತೆಯಲ್ಲಿ ಕೆಲಸ ಇದ್ದರೆ. ಮನೆಗೆ ಬಂದವರಿಗೆಲ್ಲ ಮೊದಲ ಡಿಕಾಕ್ಷನ್‌ನ ಕಾಫಿ ಕೊಟ್ಟು, ಫಿಲ್ಟರಿಗೆ ಮತ್ತೆ ಬಿಸಿನೀರು ಸುರಿದು ಎರಡನೆಯದನ್ನು ತಾನು ಕುಡಿಯುವ ಹೆಂಗಸಿಗೆ ಮೂಗು ಹೇಗಿದ್ದರೇನು? ಅವಳದು ಉದಾರತನವೋ, ಬಡತನವೋ, ಬರೀ ಅಭ್ಯಾಸವೋ ಎಂದು ಓದುವವರು ಯೋಚಿಸುತ್ತಾರೆ. ಹಾಗೆ ಯೋಚಿಸುವಾಗಲೇ ಅವಳ ಚಿತ್ರ ಮೂಡುವುದು.

ಪಾಲಿನ ದಿನದ ಆ ಕತೆಗೆ ಬಹುಮಾನ ಬರಲಿಲ್ಲ. ಬ್ಯಾಗಿಗೆ ಹೋದ ಮುಚ್ಚಳದ ಮೇಲೆ ಅಮ್ಮನ ಹೆಸರಿತ್ತೋ ಇಲ್ಲವೋ ಎಂದು ಕತೆಗಾರ್ತಿ ಎಲ್ಲೂ ಹೇಳಿಲ್ಲ. ನಾನು ಆ ಕತೆಯನ್ನು ಎರಡನೇ ಸಲ ಓದಿದ್ದು ಅದನ್ನು ಹುಡುಕುವುದಕ್ಕೇ.