ಮೊದಲು ಅಡಿ ಅಳೆಯಿರಿ, ಆಮೇಲೆ ಎಂಎಂ ಆರಿಸಿ: ಭಾವಚಿತ್ರಕ್ಕೊಂದು ಪ್ರೈಮ್ ಲೆನ್ಸ್

ಗೋಳಗುಮ್ಮಟ ಹಿಂದೆ ಕಾಣುವಂತೆ ಒಬ್ಬರ ಭಾವಚಿತ್ರ ತೆಗೆಯಬೇಕಾಗಿದೆ ಎಂದುಕೊಳ್ಳಿ. ಅವರು ಕಟ್ಟಡದಿಂದ ಸುಮಾರು 150 ಮೀಟರ್ ಈಚೆ ನಿಂತಿದ್ದಾರೆ. ಫುಲ್‌ಫ್ರೇಮ್ (36 ಮಿಲಿಮೀಟರ್ ಉದ್ದದ ಸೆನ್ಸರ್ ಇರುವ) ಕ್ಯಾಮೆರಾವನ್ನು ಲಂಬವಾಗಿ ಹಿಡಿದಾಗ ನೆತ್ತಿಯಿಂದ ಸೊಂಟದವರೆಗಿನ 85 ಸೆಂಟಿಮೀಟರ್ ಭಾಗ ಚೌಕಟ್ಟು ತುಂಬಬೇಕು. 35 ಎಂಎಂ ಪ್ರೈಮ್ ಲೆನ್ಸ್ (ಜೂಮ್ ಆಗದ, ಒಂದೇ ಫೋಕಲ್ ಲೆಂತಿನ ಲೆನ್ಸ್; ಈ ಎಂಎಂ ಸಂಖ್ಯೆಯೇ ಫೋಕಲ್ ಲೆಂತ್) ಹಾಕಿದರೆ ಅವರಿಂದ ಬರೀ 83 ಸೆಂಟಿಮೀಟರ್ ದೂರದಲ್ಲಿ ನಿಲ್ಲಬೇಕಾಗುತ್ತದೆ. 51 ಮೀಟರ್ ಎತ್ತರದ ಗುಮ್ಮಟ ಆಗ ಚಿತ್ರದ ಎತ್ತರದಲ್ಲಿ ಮೂರನೇ ಒಂದು ಪಾಲು ಮಾತ್ರ. 85 ಎಂಎಂ ಹಾಕಿ 2 ಮೀಟರಿಗೆ ಸರಿದರೆ ಅದೇ ಗುಮ್ಮಟ ಚಿತ್ರದ ಶೇ 80ರಷ್ಟು ಎತ್ತರಕ್ಕೆ ಬೆಳೆಯುತ್ತದೆ, ಮೂಲೆಯ ಮಿನಾರುಗಳು ಹೊರಬೀಳುತ್ತವೆ. 135 ಎಂಎಂ ಹಾಕಿ 3.2 ಮೀಟರಿಗೆ ಹೋದರೆ ಗುಮ್ಮಟ ಚಿತ್ರದೊಳಗೆ ಹಿಡಿಸುವುದೇ ಇಲ್ಲ. ಎದುರಿಗೆ ನಿಂತವರ ಗಾತ್ರ ಮಾತ್ರ ಮೂರರಲ್ಲೂ ಒಂದೇ.

ಉದ್ದ ಲೆನ್ಸು ಹಿನ್ನೆಲೆಯನ್ನು ಹತ್ತಿರ ಎಳೆದುಕೊಳ್ಳುತ್ತದೆ ಎಂದು ಹೇಳುವ ರೂಢಿಯಿದೆ. ಅದು ಲೆನ್ಸಿನ ಗುಣವಲ್ಲ, ನಾವು ನಿಂತ ಜಾಗದ ಗುಣ. 2 ಮೀಟರಿನಲ್ಲೇ ನಿಂತು 35 ಎಂಎಂನಲ್ಲಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಸುತ್ತಲಿನದನ್ನು ಕತ್ತರಿಸಿ ನೋಡಿ: ಮುಖ ಮತ್ತು ಗುಮ್ಮಟದ ಪ್ರಮಾಣ 85 ಎಂಎಂ ಚಿತ್ರದಲ್ಲಿದ್ದಂತೆಯೇ ಇರುತ್ತದೆ. ಕಣ್ಣೆದುರಿನ ನೋಟದಲ್ಲಿ ಎಷ್ಟು ಭಾಗ ಸೆನ್ಸರಿಗೆ ಬೀಳಬೇಕು ಎಂಬುದಷ್ಟೇ ಫೋಕಲ್ ಲೆಂತ್‌ನ ಕೆಲಸ. ಹಾಗಾಗಿ ಯಾವ ಲೆನ್ಸ್ ಕೊಳ್ಳಲಿ ಎನ್ನುವವರು ಎಷ್ಟು ದೂರದಲ್ಲಿ ನಿಲ್ಲುತ್ತೇನೆ ಎಂಬುದನ್ನು ಮೊದಲು ತೀರ್ಮಾನಿಸಬೇಕು.

ಮುಖದ ವಿಷಯದಲ್ಲೂ ಇದೇ ಲೆಕ್ಕ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರ. ಕ್ಯಾಮೆರಾ ಮೂಗಿನಿಂದ 50 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿಗೆ ಹೋಲಿಸಿದಾಗ ಮೂಗು ಶೇ 24ರಷ್ಟು ದೊಡ್ಡದಾಗಿ ಬೀಳುತ್ತದೆ. 1 ಮೀಟರಿನಲ್ಲಿ ಶೇ 12, 2 ಮೀಟರಿನಲ್ಲಿ ಶೇ 6. ಎದುರು ಕುಳಿತು ಮಾತಾಡುವವರ ಮುಖವನ್ನು ನಾವು ದಿನವೂ ನೋಡುವುದು ಹೆಚ್ಚುಕಡಿಮೆ ಒಂದೂವರೆ, ಎರಡು ಮೀಟರ್ ದೂರದಿಂದ. ಅಲ್ಲಿಂದ ತೆಗೆದ ಚಿತ್ರ ನೋಡಿದರೆ ಮನೆಯವರು 'ಹೌದು, ಇವರೇ' ಅನ್ನುತ್ತಾರೆ. 4 ಮೀಟರ್ ದಾಟಿದರೆ ಮುಖ ಚಪ್ಪಟೆಯಾಗತೊಡಗುತ್ತದೆ. ತೆಳ್ಳನೆಯ ಮುಖಕ್ಕೆ ಅದು ಒಪ್ಪಬಹುದು, ದುಂಡು ಮುಖ ಇನ್ನೂ ಅಗಲ ಕಾಣುತ್ತದೆ.

ಈಗ ಕೋಣೆಯ ಲೆಕ್ಕ. ಬಾಗಲಕೋಟೆಯ ಬಜಾರಿನಲ್ಲಿ 15 ಅಡಿ ಉದ್ದದ ಒಂದು ಸ್ಟುಡಿಯೊ ಎಂದಿಟ್ಟುಕೊಳ್ಳಿ. ನೆರಳು ಹಿಂದಿನ ಪರದೆಯ ಮೇಲೆ ಬೀಳದಿರಲು ಕುಳಿತವರ ಹಿಂದೆ 5 ಅಡಿ ಬಿಡಬೇಕು. ಕ್ಯಾಮೆರಾ ಹಿಡಿದವರು ನಿಲ್ಲಲು 2 ಅಡಿ. ಉಳಿಯುವುದು 8 ಅಡಿ, ಅಂದರೆ 2.4 ಮೀಟರ್. ಬೇಕಾದ ಎತ್ತರವನ್ನು ಫೋಕಲ್ ಲೆಂತ್‌ನಿಂದ ಗುಣಿಸಿ, ಸೆನ್ಸರಿನ ಉದ್ದದಿಂದ ಭಾಗಿಸಿದರೆ ನಿಲ್ಲಬೇಕಾದ ದೂರ ಸಿಗುತ್ತದೆ. ಫುಲ್‌ಫ್ರೇಮ್ ಸೆನ್ಸರಿನ ಉದ್ದ 36 ಮಿಲಿಮೀಟರ್. ನಿಕಾನ್, ಸೋನಿಯ ಕ್ರಾಪ್, ಅಂದರೆ ಅದಕ್ಕಿಂತ ಚಿಕ್ಕ, ಸೆನ್ಸರ್‌ಗಳದು 23.5ರ ಆಸುಪಾಸು, ಕ್ಯಾನನ್‌ನದು 22.3. ಆಳೆತ್ತರದ ಚಿತ್ರಕ್ಕೆ ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟು 2 ಮೀಟರ್ ಎತ್ತರ ಹಿಡಿಯಬೇಕು. ಫುಲ್‌ಫ್ರೇಮಿನಲ್ಲಿ 85 ಎಂಎಂಗೆ 4.7 ಮೀಟರ್ ದೂರ ಬೇಕು, 50 ಎಂಎಂಗೆ 2.8. ಎರಡೂ ಈ ಕೋಣೆಯಲ್ಲಿ ಆಗದ ಮಾತು. ಇಲ್ಲಿ ಆಳೆತ್ತರಕ್ಕೆ 35 ಎಂಎಂ ಬೇಕು. ಸೊಂಟದವರೆಗಿನ ಚಿತ್ರಕ್ಕೆ ಮಾತ್ರ 85 ಎಂಎಂ ಹೊಂದುತ್ತದೆ. ಕ್ರಾಪ್ ಸೆನ್ಸರಿನಲ್ಲಿ ಸೊಂಟದವರೆಗಿನ ಚಿತ್ರಕ್ಕೆ 50 ಎಂಎಂ ಹಾಕಿ 1.8 ಮೀಟರಿನಲ್ಲಿ ನಿಂತರೆ ಸಾಕು. ಅದೇ ಕ್ಯಾಮೆರಾಕ್ಕೆ 85 ಎಂಎಂ ಹಾಕಿದರೆ 3 ಮೀಟರಿಗಿಂತ ಹಿಂದೆ ಹೋಗಬೇಕು, ಬೆನ್ನು ಗೋಡೆಗೆ ತಾಗುತ್ತದೆ. ಹೆಸರಾಂತ 85 ಎಂಎಂ ಕೊಂಡು ಬೇಸರಪಡುವವರಲ್ಲಿ ಹೆಚ್ಚಿನವರು ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಕೋಣೆ ಅಳೆದಿರುವುದಿಲ್ಲ.

ದೂರ ನಿಶ್ಚಯವಾದ ಮೇಲೆ ಬರುವುದು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ. ಅದನ್ನು ಹೇಳುವುದು ಎಫ್ ಸಂಖ್ಯೆಯಲ್ಲಿ: ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಭಾವಚಿತ್ರಕ್ಕೆಂದೇ ಲೆಕ್ಕ ಹಾಕಿ ರಚಿಸಿದ ಮೊದಲ ಲೆನ್ಸ್ 1840ರದು. ವಿಯೆನ್ನಾದ ಗಣಿತ ಪ್ರಾಧ್ಯಾಪಕ ಯೋಸೆಫ್ ಪೆಟ್ಸ್‌ವಾಲ್ ಅದನ್ನು ಎಫ್ 3.6ರ ಸುಮಾರಿಗೆ ತಂದರು. ಆಗಿನ ಉಳಿದ ಲೆನ್ಸ್‌ಗಳು ಎಫ್ 16ರ ಆಸುಪಾಸಿನಲ್ಲಿದ್ದವು. ಬೆಳಕು ಸುಮಾರು 20 ಪಟ್ಟು ಹೆಚ್ಚಿತು, ಕುಳಿತವರು ಕಂಬದಂತೆ ಅಲ್ಲಾಡದೆ ಇರಬೇಕಾದ ಹೊತ್ತು ಅಷ್ಟೇ ಕುಗ್ಗಿತು.

ಇಂದು ದೊಡ್ಡ ಅಪರ್ಚರನ್ನು ಬಯಸುವುದು ಬೆಳಕಿಗಿಂತ ಹೆಚ್ಚಾಗಿ ಹಿನ್ನೆಲೆ ಕರಗಲಿ ಎಂದು. ಇದಕ್ಕೊಂದು ಸೊಗಸಾದ ಲೆಕ್ಕವಿದೆ. ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಲೆನ್ಸನ್ನು ಮುಂದಿನಿಂದ ನೋಡಿದಾಗ ಕಾಣುವ ಬೆಳಕಿನ ಕಿಂಡಿಯ ವ್ಯಾಸ ಸಿಗುತ್ತದೆ: 85 ಎಂಎಂ ಎಫ್ 1.8ಕ್ಕೆ 47 ಮಿಲಿಮೀಟರ್, 50 ಎಂಎಂ ಎಫ್ 1.8ಕ್ಕೆ 28, ಕ್ಯಾಮೆರಾ ಜೊತೆ ಬರುವ 18-55 ಜೂಮ್ ಲೆನ್ಸಿಗೆ 55ರಲ್ಲಿ ಎಫ್ 5.6 ಇರುವಾಗ ಬರೀ 10. ಬಹುದೂರದ ದೀಪವೊಂದು ಚಿತ್ರದಲ್ಲಿ ಎಷ್ಟು ದೊಡ್ಡ ಬಿಲ್ಲೆಯಾಗುತ್ತದೆ ಎಂಬುದನ್ನು ಮುಖದ ಅಳತೆಯಲ್ಲಿ ಹೇಳುವುದಾದರೆ, ಸರಿಯಾಗಿ ಆ ಕಿಂಡಿಯಷ್ಟೇ. ಬಾದಾಮಿ ಬನಶಂಕರಿ ಜಾತ್ರೆಯ ರಾತ್ರಿ, ದೂರದ ಅಂಗಡಿ ಸಾಲಿನ ಪ್ರತಿ ಬಲ್ಬೂ 85 ಎಂಎಂನಲ್ಲಿ ಮುಖದ ಅಗಲದ ಮೂರನೇ ಒಂದರಷ್ಟು ದೊಡ್ಡ ಬಿಲ್ಲೆಯಾಗುತ್ತದೆ. 50 ಎಂಎಂನಲ್ಲಿ ಐದನೇ ಒಂದು. ಜೂಮ್‌ನಲ್ಲಿ ಚುಕ್ಕೆಗಿಂತ ಸ್ವಲ್ಪ ದೊಡ್ಡದು. ಹಿನ್ನೆಲೆ ಹತ್ತಿರವಿದ್ದರೆ ಈ ಲಾಭ ಇಳಿಯುತ್ತದೆ. 2 ಮೀಟರ್ ದೂರದಲ್ಲಿ ಕುಳಿತವರ ಬೆನ್ನ ಹಿಂದೆ ಇನ್ನೆರಡು ಮೀಟರಿನಲ್ಲಿ ಗೋಡೆಯಿದ್ದರೆ ಬಿಲ್ಲೆ ಅರ್ಧಕ್ಕಿಳಿಯುತ್ತದೆ. ಇನ್ನೂ ದುಬಾರಿ ಲೆನ್ಸ್ ಕೊಳ್ಳುವ ಮೊದಲು ಕುಳಿತವರನ್ನು ಗೋಡೆಯಿಂದ ನಾಲ್ಕು ಹೆಜ್ಜೆ ಮುಂದೆ ಕರೆದು ನೋಡಿ.

ಹಿನ್ನೆಲೆ ಕರಗಿದಂತೆ ಮುಖವೂ ಕರಗುತ್ತದೆ. ನತ್ತು ಇಟ್ಟು, ಕಿವಿಯ ಮೇಲ್ಭಾಗಕ್ಕೆ ಬುಗುಡಿ ತೊಟ್ಟು, ಇಳಕಲ್ ಸೀರೆಯ ಕೆಂಪು ಸೆರಗು ಹೊದ್ದ ಅಜ್ಜಿಯೊಬ್ಬರನ್ನು 85 ಎಂಎಂನಲ್ಲಿ 2 ಮೀಟರಿನಿಂದ ತೆಗೆಯುತ್ತೀರಿ. ಎಫ್ 1.8ರಲ್ಲಿ ಸ್ಪಷ್ಟವಾಗಿ ಮೂಡುವ ಆಳ ಒಟ್ಟು 6 ಸೆಂಟಿಮೀಟರ್, ಕಣ್ಣಿನಿಂದ ಮುಂದೆ 3, ಹಿಂದೆ 3. ನತ್ತು ಅಂಚಿನಲ್ಲಿ ಉಳಿದೀತು. ಕಣ್ಣಿನಿಂದ ಸುಮಾರು 9 ಸೆಂಟಿಮೀಟರ್ ಹಿಂದಿರುವ ಬುಗುಡಿ ಮಂಜಾಗುತ್ತದೆ. ಎಫ್ 4ಕ್ಕೆ ಆಳ 13 ಸೆಂಟಿಮೀಟರ್ ಆಗುತ್ತದೆ, ಬುಗುಡಿ ಇನ್ನೂ ಮೆತ್ತಗೇ. ಎಫ್ 5.6ಕ್ಕೆ ತಂದಾಗ ಸುಮಾರು 18 ಆಗಿ ಬುಗುಡಿಯ ಮುತ್ತು ಎಣಿಸುವಂತೆ ಬರುತ್ತದೆ. ಒಡವೆಯೂ ಮುಖದಷ್ಟೇ ಮುಖ್ಯವಾದ ಮದುವೆ ಚಿತ್ರಗಳನ್ನು ಎಫ್ 1.8ರಲ್ಲೇ ತೆಗೆಯುತ್ತ ಹೋಗುವುದು ನನ್ನ ದೃಷ್ಟಿಯಲ್ಲಿ ಅಜ್ಜಿಗೂ ಅಕ್ಕಸಾಲಿಗನಿಗೂ ಮಾಡುವ ಅನ್ಯಾಯ. ಗಂಡು ಹೆಣ್ಣು ಹಿಂದುಮುಂದಾಗಿ ನಿಂತಿದ್ದರಂತೂ ಎಫ್ 4ಕ್ಕಿಂತ ಹೆಚ್ಚು ತೆರೆಯಬೇಡಿ.

ಇದೇ ಆಳದ ಕೊರತೆಯಿಂದ ಬರುವ ಇನ್ನೊಂದು ತೊಂದರೆ: ನಡುವಿನ ಬಿಂದುವನ್ನು ಕಣ್ಣಿಗಿಟ್ಟು ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾ ತಿರುಗಿಸಿ ಚೌಕಟ್ಟು ಕೂಡಿಸುವ ಹಳೆಯ ಅಭ್ಯಾಸ. 2 ಮೀಟರಿನಲ್ಲಿ 10 ಡಿಗ್ರಿ ತಿರುಗಿಸಿದರೆ ಫೋಕಸ್ ಆದ ಪಾತಳಿ ಕಣ್ಣಿನಿಂದ 3 ಸೆಂಟಿಮೀಟರ್ ಹಿಂದಕ್ಕೆ ಜಾರುತ್ತದೆ, ಇರುವ ಅವಕಾಶವೆಲ್ಲ ಅಲ್ಲೇ ಮುಗಿಯುತ್ತದೆ. ಕಣ್ಣಿನ ಮೇಲೆಯೇ ಇರುವ ಫೋಕಸ್ ಬಿಂದುವನ್ನು ಆರಿಸಿಕೊಳ್ಳಿ. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ) ಆದರೆ ಕಣ್ಣು ಗುರುತಿಸುವ ಸೌಲಭ್ಯ ಬಳಸಿ.

ನಮ್ಮ ಏಪ್ರಿಲ್ ಬಿಸಿಲು ಬೇರೆಯದೇ ಮಾತು. ನೆತ್ತಿಯ ಬಿಸಿಲಿನಲ್ಲಿ ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 100ಕ್ಕೆ ಎಫ್ 16, ಷಟರ್ 1/100 ಸೆಕೆಂಡ್ ಸರಿಹೊಂದುತ್ತದೆ. ಎಫ್ 1.8ಕ್ಕೆ ತೆರೆದರೆ 1/8000 ಬೇಕು. ಎಂಟ್ರಿ ಮಟ್ಟದ ಕ್ಯಾಮೆರಾಗಳ ಷಟರ್ 1/4000ಕ್ಕೇ ನಿಲ್ಲುವುದರಿಂದ ಬಿಳಿ ಧೋತರ, ರುಮಾಲು ಸುಟ್ಟು ಬಿಳಿಚುತ್ತವೆ. ಎನ್‌ಡಿ 8 ಫಿಲ್ಟರ್ (ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುವ ಗಾಜು) ಹಾಕಿದರೆ 1/1000 ಸಾಕಾಗುತ್ತದೆ. ಅದಕ್ಕಿಂತ ಒಳ್ಳೆಯದು ಪಡಸಾಲೆ ಅಥವಾ ಬೇವಿನ ಮರದ ನೆರಳು: ಷಟರ್ 1/500 ಸೆಕೆಂಡಿಗೆ ಇಳಿಯುತ್ತದೆ, ಕಣ್ಣೂ ಕಿರಿದಾಗುವುದಿಲ್ಲ.

ಎಫ್ 1.4ಕ್ಕೆ ಹೆಚ್ಚು ಹಣ ಕೊಡಬೇಕೆ? 85 ಎಂಎಂನಲ್ಲಿ ಕಿಂಡಿ 47ರಿಂದ 61 ಮಿಲಿಮೀಟರಿಗೆ ಹಿಗ್ಗುತ್ತದೆ, ನಿಜ. ಬೆಲೆ, ತೂಕ ಅದಕ್ಕಿಂತ ಜೋರಾಗಿ ಏರುತ್ತವೆ. ಕ್ರಾಪ್ ಸೆನ್ಸರಿನವರಿಗೆ 50 ಎಂಎಂ ಎಫ್ 1.8, ಫುಲ್‌ಫ್ರೇಮಿನವರಿಗೆ 85 ಎಂಎಂ ಎಫ್ 1.8 ಎಂಬುದೇ ನನ್ನ ಸಲಹೆ. 135 ಎಂಎಂ ಬಯಲಿನಲ್ಲಿ ಕೆಲಸ ಮಾಡುವವರಿಗೆ. ನಿಕಾನ್ ಡಿ3500, ಡಿ5600 ಇದ್ದವರು ಒಂದು ಎಚ್ಚರ ವಹಿಸಿ: ಇವುಗಳ ಒಡಲಲ್ಲಿ ಫೋಕಸ್ ಮೋಟಾರಿಲ್ಲ. ಅಗ್ಗಕ್ಕೆ ಸಿಗುವ, ತನ್ನೊಳಗೂ ಮೋಟಾರಿಲ್ಲದ ಹಳೆಯ ಎಎಫ್-ಡಿ ಸರಣಿಯ 50 ಎಂಎಂ ಹಾಕಿದರೆ ಕೈಯಿಂದಲೇ ಫೋಕಸ್ ತಿರುಗಿಸಬೇಕು. ಮೋಟಾರಿರುವ ಎಎಫ್-ಎಸ್ ಸರಣಿಯದನ್ನೇ ಕೇಳಿ.

ಸೆಕೆಂಡ್‌ಹ್ಯಾಂಡ್ ಆದರೆ ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ಇಣುಕಿ. ಎಳೆ ಎಳೆಯಾಗಿ ಹಬ್ಬಿದ್ದು ಕಂಡರೆ ಬೂಷ್ಟು. ಬೆಳಗಾವಿಯ ಮಳೆಗಾಲ ಕಂಡ ಲೆನ್ಸಿನಲ್ಲಿ ಇದನ್ನು ಮೊದಲು ಹುಡುಕಬೇಕು, ಕಂಡರೆ ಬಿಟ್ಟುಬಿಡಿ. ವಿಜಯಪುರದ ಕಡೆ ಎರೆಮಣ್ಣಿನ ದೂಳು ಫೋಕಸ್ ರಿಂಗಿನೊಳಗೆ ಸೇರುತ್ತದೆ. ತಿರುಗಿಸಿದಾಗ ಕರಕರ ಎಂದರೆ ಗೊತ್ತಾಗುತ್ತದೆ. ಒಳಗೆ ಒಂದೆರಡು ದೂಳಿನ ಕಣ ಇದ್ದರೆ ಚಿತ್ರಕ್ಕೆ ಏನೂ ಆಗದು. ಕೊನೆಗೆ ಅಪರ್ಚರ್ ಪೂರ್ತಿ ತೆರೆದು, ಬೆಳ್ಳಿ ಸರವೊಂದನ್ನು ಬಿಸಿಲಿಗಿಟ್ಟು ತೆಗೆಯಿರಿ. ಫೋಕಸಿನ ಮುಂದೆ ನೇರಳೆ, ಹಿಂದೆ ಹಸಿರು ಅಂಚು ಕಾಣುವುದು ಈ ಲೆನ್ಸ್‌ಗಳಲ್ಲಿ ಸಹಜ, ಎಫ್ 2.8ಕ್ಕೆ ಬಹುಪಾಲು ಇಳಿಯಬೇಕು. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಆದರೆ ಅಳತೆ ಟೇಪನ್ನು 45 ಡಿಗ್ರಿ ಓರೆಗೆ ಇಟ್ಟು ಒಂದು ಅಂಕಿಗೆ ಫೋಕಸ್ ಮಾಡಿ ತೆಗೆಯಿರಿ. ನೀವು ಹಿಡಿದ ಅಂಕಿ ಬಿಟ್ಟು ಎರಡು ಸೆಂಟಿಮೀಟರ್ ಆಚೀಚಿನದು ಪ್ರತಿ ಸಲ ಚೂಪಾಗಿ ಬಂದರೆ, ಕ್ಯಾಮೆರಾದಲ್ಲಿ ಎಎಫ್ (ತಾನಾಗಿ ಆಗುವ ಫೋಕಸ್) ತಿದ್ದುಪಡಿಯ ಸೌಲಭ್ಯ ಇದ್ದರಷ್ಟೇ ಆ ಲೆನ್ಸ್ ತೆಗೆದುಕೊಳ್ಳಿ.