ಕಾಮಗಾರಿ ಮುಗಿದ ಮೇಲೆ ಮರಳಬೇಕಾದ ಹುಲ್ಲು

ರಸ್ತೆಗೋ ಕಾಲುವೆಗೋ ಗುಡ್ಡ ಕಡಿದ ಜಾಗದಲ್ಲಿ ಬತ್ತಲೆ ಇಳಿಜಾರು ಉಳಿಯುತ್ತದೆ. ಮಳೆ ಬೀಳುವ ಮೊದಲೇ ಅಲ್ಲಿ ಏನಾದರೂ ಬೆಳೆಸಿ ಮಣ್ಣು ಉಳಿಸಿಕೊಳ್ಳಬೇಕೆಂಬ ಅವಸರ ಸಹಜ. ಆದರೆ ನೆಲವನ್ನು ಹಸಿರಾಗಿಸುವುದು ಬೇರೆ, ಅಲ್ಲಿದ್ದ ಸಸ್ಯಗಳನ್ನೇ ಮರಳಿ ತರುವುದು ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದು ಮಾಡಿದ ತಪ್ಪುಗಳಿಗೆ ಉದ್ದದ ಚರಿತ್ರೆಯೇ ಇದೆ.

ಕುಡ್ಜು ಬಳ್ಳಿಯನ್ನೇ ನೋಡಿ. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಜಪಾನಿನ ಅಲಂಕಾರದ ಗಿಡವಾಗಿ ಅಮೆರಿಕದವರ ಕಣ್ಣಿಗೆ ಬಿದ್ದ ಬಳ್ಳಿ ಇದು. 1930ರ ದಶಕದಲ್ಲಿ ಧೂಳಿನ ಬಿರುಗಾಳಿಗಳು ಅಲ್ಲಿನ ಹೊಲಗಳನ್ನು ಹಾರಿಸಿಕೊಂಡು ಹೋದವು. 1935ರಲ್ಲಿ ಹುಟ್ಟಿದ ಮಣ್ಣು ಸಂರಕ್ಷಣಾ ಇಲಾಖೆ ಸವಕಳಿಗೆ ಮದ್ದೆಂದು ಕುಡ್ಜುವಿನ ಕೋಟಿಗಟ್ಟಲೆ ಸಸಿಗಳನ್ನು ಹಂಚಿತು; ಹೊಲಗಳ ಜೊತೆಗೆ ರಸ್ತೆ, ರೈಲು ಹಳಿಯ ಏರಿಗಳ ಮೇಲೂ ಅದನ್ನು ನೆಟ್ಟರು. ಬಳ್ಳಿ ಮಣ್ಣನ್ನೇನೋ ಹಿಡಿಯಿತು. ಪಕ್ಕದ ಮರಗಳಿಗೂ ಹಬ್ಬಿ, ಬಿಸಿಲು ತಾಗದಂತೆ ಮುಚ್ಚಿ ಅವನ್ನು ಕೊಂದಿತು. 1970ರಲ್ಲಿ ಅದನ್ನು ಸರಕಾರವೇ ಕಳೆಗಳ ಪಟ್ಟಿಗೆ ಸೇರಿಸಬೇಕಾಯಿತು.

ಅಮೆರಿಕದಲ್ಲಿ ಕುಡ್ಜು ನೆಡುತ್ತಿದ್ದ ಹೊತ್ತಿನಲ್ಲೇ ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಎಂಬ ಗಣಿ ಪಟ್ಟಣದಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಮರ ಕಡಿದು, ಜಾನುವಾರು ಮತ್ತು ಮೊಲಗಳು ಮೇದು ಬೋಳಾದ ನೆಲದಿಂದ ಮರಳು ಎದ್ದು ಮನೆಗಳಿಗೆ ನುಗ್ಗುತ್ತಿತ್ತು. ವೃತ್ತಿಯಲ್ಲಿ ಲೋಹ ಪರೀಕ್ಷಕ, ಒಲವಿನಲ್ಲಿ ಸಸ್ಯಪ್ರೇಮಿಯಾಗಿದ್ದ ಆಲ್ಬರ್ಟ್ ಮಾರಿಸ್, 1936ರಲ್ಲಿ ಬೇಲಿ ಹಾಕಿಸಿ ಮೇಯುವ ಪ್ರಾಣಿಗಳನ್ನು ಹೊರಗಿಡಿಸಿದರು. ಬೇಲಿಯೊಳಗೆ ಹೆಚ್ಚಿನ ಕಡೆ ಯಾರೂ ನೆಡದೆ, ಮಳೆಯ ಜೊತೆ ಅಲ್ಲಿಯದೇ ಗಿಡಗಳು ಎದ್ದುಬಂದವು. ಬೀಜ ಮಣ್ಣಿನಲ್ಲೇ ಇತ್ತು. ಈ ವಿಷಯದಲ್ಲಿ ನನ್ನನ್ನು ಹೆಚ್ಚು ತಟ್ಟಿದ ಪ್ರಸಂಗ ಇದೇ.

ಕಾಮಗಾರಿಯ ಮೊದಲ ದಿನವೇ ಕೆರೆದು ಹಾಕುವ ಮೇಲ್ಮಣ್ಣು ನಿಜವಾಗಿ ಬೀಜದ ಕಣಜ. ಹೆಚ್ಚಿನ ಬೀಜಗಳಿರುವುದು ಮೇಲಿನ ಕೆಲವೇ ಸೆಂಟಿಮೀಟರುಗಳಲ್ಲಿ. ಬೇರಿಗೆ ನೀರು, ರಂಜಕ ಒದಗಿಸುವ ಶಿಲೀಂಧ್ರಗಳೂ ಅಲ್ಲೇ. ಈ ಮಣ್ಣನ್ನು ಎತ್ತರದ ರಾಶಿ ಮಾಡಿ ವರ್ಷಗಟ್ಟಲೆ ಬಿಟ್ಟರೆ ಒಳಗೆ ಗಾಳಿಯಾಡದೆ ಶಿಲೀಂಧ್ರ ಕುಗ್ಗುತ್ತದೆ, ಬೀಜ ಸಾಯುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಜರ್ರಾ ಎಂಬ ನೀಲಗಿರಿ ಜಾತಿಯ ಮರಗಳ ಕಾಡಿನ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಗಣಿಗಳಲ್ಲಿ ಇದನ್ನು ಅರಿತು, ಹೊಸ ಗುಂಡಿಯಿಂದ ತೆಗೆದ ಮೇಲ್ಮಣ್ಣನ್ನು ಆದಷ್ಟು ರಾಶಿ ಹಾಕದೆ ಹಳೆಯ ಗುಂಡಿಯ ಮೇಲೆ ನೇರವಾಗಿ ಹರಡುವ ಪದ್ಧತಿ ಬೆಳೆಯಿತು.

ಕಾನೂನುಗಳೂ ಬಂದವು, ಆದರೆ ಅವೂ ಎಡವಿದವು. ಕಲ್ಲಿದ್ದಲು ಅಗೆದ ನೆಲವನ್ನು ಸರಿಪಡಿಸಬೇಕೆಂದು ಅಮೆರಿಕ 1977ರಲ್ಲಿ ಕಾಯಿದೆ ಮಾಡಿದಾಗ, ಇಳಿಜಾರು ಕುಸಿಯಬಾರದೆಂಬ ಭಯದಿಂದ ಗಣಿಯವರು ಭಾರಿ ಯಂತ್ರಗಳಿಂದ ಮಣ್ಣನ್ನು ಅದುಮಿ ಗಟ್ಟಿಮಾಡಿ, ಬೇಗ ಬೆಳೆಯುವ ಹೊರಗಿನ ಹುಲ್ಲು ಬಿತ್ತಿದರು. ಅಪಲಾಚಿಯನ್ ಬೆಟ್ಟಗಳಲ್ಲಿ ಕಾಡಿದ್ದ ಎಷ್ಟೋ ಕಡೆ ದಶಕಗಳ ಕಾಲ ಹುಲ್ಲೇ ಉಳಿಯಿತು. ಆ ಗಟ್ಟಿ ಮಣ್ಣಿಗೆ ಮರದ ಬೇರು ಇಳಿಯಲಾಗಲಿಲ್ಲ. ಈಗ ಅಂಥ ನೆಲವನ್ನು ಉದ್ದನೆಯ ಉಕ್ಕಿನ ಹಲ್ಲುಗಳಿಂದ ಆಳಕ್ಕೆ ಸೀಳಿ, ಸಡಿಲಿಸಿ, ಆಮೇಲೆ ಸಸಿ ನೆಡುತ್ತಿದ್ದಾರೆ.

ಹೆದ್ದಾರಿಗಳ ವಿಷಯದಲ್ಲಿ 1987ರ ಅಮೆರಿಕದ ಕಾಯಿದೆಯೊಂದು, ಒಕ್ಕೂಟ ಸರಕಾರದ ನೆರವಿನ ರಸ್ತೆ ಯೋಜನೆಗಳಲ್ಲಿ ಗಿಡ ನೆಡುವ ಹಣದ ಶೇ. 0.25 ಭಾಗವಾದರೂ ಸ್ಥಳೀಯ ಕಾಡುಹೂಗಳಿಗೆ ಹೋಗಬೇಕೆಂದಿತು. ಮೊತ್ತ ಸಣ್ಣದು. ಅದಕ್ಕಿಂತ ದೊಡ್ಡ ತೊಡಕು ಬೀಜದ್ದು: ಕಾಡುಸಸ್ಯಗಳ ಬೀಜ ಬೇಕೆಂದಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದೊಂದು ಜಾತಿ ಬಲಿಯುವ ಕಾಲ ಒಂದೊಂದು, ಮೊಳೆಯುವ ರೀತಿಯೂ ಬೇರೆ ಬೇರೆ. ಹಾಗಾಗಿ ಬೀಜ ಆರಿಸುವವರು ಬುಲ್ಡೋಜರ್ ಬರುವುದಕ್ಕೆ ಒಂದೆರಡು ವರ್ಷ ಮೊದಲೇ ಆ ನೆಲದಲ್ಲಿ ಓಡಾಡಬೇಕು. ಟೆಂಡರುಗಳಲ್ಲಿ ಹಸಿರೀಕರಣದ ಸಾಲು ಇಂದಿಗೂ ಬಹುಪಾಲು ಕೊನೆಯ ಪುಟದಲ್ಲೇ ಇರುತ್ತದೆ.