ನೀವೇ ಬರ್ಕೊಡಿ ಸಾ

ಪ್ರೈಮರಿ ಶಾಲೆಗೆ ಹೋಗಿ 'ಒಂದು ಚಿತ್ರ ಬರೀರಪ್ಪ' ಅಂದರೆ ಏನು ಬರುತ್ತದೆ ಅಂತ ನೋಡದೆಯೇ ಹೇಳಬಲ್ಲೆ. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ಹೆಂಚಿನ ಮನೆ, ಪಕ್ಕದಲ್ಲಿ ತೆಂಗಿನ ಮರ, ಮೇಲೆ ನಾಲ್ಕು ಹಕ್ಕಿ. ಮದ್ದೂರಲ್ಲೂ ಇದೇ, ಮಳವಳ್ಳಿಯಲ್ಲೂ ಇದೇ. ಪಾಂಡವಪುರದ ಮಕ್ಕಳಿಗಾದರೂ ನಿಜವಾಗಿ ಜೋಡಿ ಬೆಟ್ಟ ಇದೆ, ಕುಂತಿಬೆಟ್ಟ. ಆದರೆ ಅವರೂ ಬರೆಯುವುದು ಸಮೋಸದಂಥ ಮೂರು ಮೂಲೆಯ ಬೆಟ್ಟವನ್ನೇ. ಬಂಡೆ ಮೇಲೆ ಬಂಡೆ ಪೇರಿಸಿಕೊಂಡು ದಿನಾ ಕಣ್ಣೆದುರು ಕೂತಿರುವ ಆ ಬೆಟ್ಟ ಹಾಳೆಗೆ ಇಳಿಯುವುದೇ ಇಲ್ಲ.

ಮಕ್ಕಳ ತಪ್ಪೇನಿಲ್ಲ. ಯಾರೋ ಬೋರ್ಡ್ ಮೇಲೆ ಬರೆದು 'ಹೀಗೇ ಬರೀರಿ' ಅಂದಿರುತ್ತಾರೆ. ಆ ಯಾರೋ ಪೈಕಿ ನಾನೂ ಒಬ್ಬ.

ನಾನು ಮೈಸೂರಿನ ಕಾವಾದಲ್ಲಿ ಕಲಿತವನು. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯನ್ನು ನಾವೆಲ್ಲ ಕರೆಯುವುದೇ ಹಾಗೆ. ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದೆ. ಈಗ ಶನಿವಾರ ಬೆಳಗ್ಗೆ ಮಂಡ್ಯ ಸುತ್ತಮುತ್ತಲ ಸರ್ಕಾರಿ ಪ್ರೈಮರಿ ಶಾಲೆಗಳಿಗೆ ಹೋಗುತ್ತೇನೆ. ದೊಡ್ಡ ಮಕ್ಕಳಿಗೆ ಕಲಿಸಿದವನು ಚಿಕ್ಕವರಿಗೆ ಕಲಿಸುವುದು ಏನು ಮಹಾ ಅಂದುಕೊಂಡೇ ಹೋದೆ. ಅಲ್ಲೇ ಎಡವಿದ್ದು.

ಮೂರನೇ ಕ್ಲಾಸಿನ ಒಬ್ಬ ಹುಡುಗ ಆಲೆಮನೆ ಬರೆದಿದ್ದ. ನಡುವೆ ಕೊಪ್ಪರಿಗೆ, ಪೂರ್ತಿ ದುಂಡಗೆ, ಮೇಲಿಂದ ನೋಡಿದ ಹಾಗೆ. ಅದರ ಸುತ್ತ ಆರು ಜನ. ಎಲ್ಲರ ಕಾಲೂ ಕೊಪ್ಪರಿಗೆ ಕಡೆಗೆ, ತಲೆ ಹೊರಗೆ, ಹೂವಿನ ಎಸಳಿನ ಥರ. 'ಯಾಕಪ್ಪಾ ಎಲ್ಲರೂ ಮಲಗಿದ್ದಾರೆ?' ಅಂತ ಕೇಳಿದೆ. 'ಮಲಗಿಲ್ಲ ಸಾ, ಸುತ್ತ ನಿಂತವ್ರೆ' ಅಂದ. ನಾನು ನಕ್ಕು, ಅವನ ಪೆನ್ಸಿಲ್ ತಗೊಂಡು, ಅವನ ಚಿತ್ರದ ಮೇಲೇ ಮೊಟ್ಟೆಯಾಕಾರದ ಕೊಪ್ಪರಿಗೆ ಬರೆದು, ಹಿಂದೆ ಇಬ್ಬರು ಚಿಕ್ಕವರನ್ನೂ ಮುಂದೆ ಇಬ್ಬರು ದೊಡ್ಡವರನ್ನೂ ನಿಲ್ಲಿಸಿ, 'ನೋಡು, ಹೀಗೆ' ಅಂದೆ. ಅವನು ಚೆನ್ನಾಗಿದೆ ಅಂತ ತಲೆ ಆಡಿಸಿದ. ಮುಂದಿನ ಶನಿವಾರ ಖಾಲಿ ಹಾಳೆ ಹಿಡಿದುಕೊಂಡು ಬಂದ. 'ನೀವೇ ಬರ್ಕೊಡಿ ಸಾ.'

ಆಮೇಲೆ ಕೂತು ಓದಿದೆ. ಮಕ್ಕಳ ಚಿತ್ರ ಹೇಗೆ ಬೆಳೆಯುತ್ತದೆ ಅನ್ನುವುದನ್ನು ವಿಕ್ಟರ್ ಲೋವೆನ್‌ಫೆಲ್ಡ್ ಅನ್ನುವವರು 1940ರ ದಶಕದಲ್ಲೇ ಬಿಡಿಸಿ ಹೇಳಿದ್ದಾರೆ. ಎರಡರಿಂದ ನಾಲ್ಕು ವರ್ಷ ಗೀಚಾಟ. ಏಳು ವರ್ಷದ ಹೊತ್ತಿಗೆ ಮನುಷ್ಯ, ಮರ, ಮನೆ ಪ್ರತಿಯೊಂದಕ್ಕೂ ಮಗು ತನ್ನದೇ ಒಂದು ಗುರುತು ಮಾಡಿಕೊಳ್ಳುತ್ತದೆ, ಕೆಳಗೆ ಒಂದು ಗೆರೆ ಎಳೆದು ಅದರ ಮೇಲೆ ಎಲ್ಲವನ್ನೂ ನಿಲ್ಲಿಸುತ್ತದೆ. ಏಳರಿಂದ ಒಂಬತ್ತರವರೆಗೆ ಮಗು ಬರೆಯುವುದು ಕಂಡದ್ದನ್ನಲ್ಲ, ತನಗೆ ಗೊತ್ತಿರುವುದನ್ನು. ಕೊಪ್ಪರಿಗೆ ದುಂಡಗಿದೆ ಅಂತ ಗೊತ್ತು, ದುಂಡಗೆ ಬರೆಯುತ್ತದೆ. ಜನ ಅದರ ಸುತ್ತ ಇದ್ದಾರೆ ಅಂತ ಗೊತ್ತು, ಸುತ್ತ ಬರೆಯುತ್ತದೆ. ಬಸ್ಸಿನ ತಗಡಿನೊಳಗೆ ಕೂತ ಜನರ ಕಾಲು ಕಾಣುವುದೂ, ಮನೆಗಿಂತ ಅಜ್ಜಿ ದೊಡ್ಡದಾಗಿರುವುದೂ ಇದಕ್ಕೇ. ದೂರದ್ದು ಚಿಕ್ಕದಾಗಿ ಕಾಣಬೇಕು ಅನ್ನುವ ಯೋಚನೆ ಸುಮಾರು ಒಂಬತ್ತು, ಹತ್ತರ ಮೇಲೆ ತಾನಾಗಿ ಬರುತ್ತದೆ. ನಾನು ಹೈಸ್ಕೂಲಿನ ಪಾಠವನ್ನು ಎಂಟು ವರ್ಷದವನ ಹಾಳೆ ಮೇಲೆ ಹೇರಿದ್ದೆ.

'ಹಾಗಾದ್ರೆ ತಪ್ಪನ್ನ ತಪ್ಪು ಅನ್ನಬಾರದಾ?' ಅಂತ ಶಿಕ್ಷಕರು ಕೇಳುತ್ತಾರೆ. ಅವರಿಗೆ ನಾನು ಹೇಳುವುದು, ಒಮ್ಮೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ ಬನ್ನಿ. ಟಿಪ್ಪುವಿನ ಬೇಸಿಗೆ ಅರಮನೆ, 1784ರ ಕಟ್ಟಡ. ಅದರ ಗೋಡೆ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇದೆ. ಸಾಲು ಸಾಲು ಸೈನಿಕರು, ಕುದುರೆಗಳು, ಒಂದರ ಮೇಲೊಂದು ಸಾಲು. ದೂರದವನು ಅಂತ ಯಾರನ್ನೂ ಚಿಕ್ಕದು ಮಾಡಿಲ್ಲ. ಆ ಚಿತ್ರಗಾರರಿಗೆ ಬರೆಯಲು ಬರುತ್ತಿರಲಿಲ್ಲ ಅನ್ನೋಕಾಗುತ್ತಾ? ಶಾಲಾ ಪ್ರವಾಸದವರು ಕೆಆರ್‌ಎಸ್‌ಗೆ ಹೊತ್ತಾಯಿತು ಅಂತ ಅದನ್ನು ಐದು ನಿಮಿಷದಲ್ಲಿ ಮುಗಿಸುತ್ತಾರೆ. ಮಕ್ಕಳನ್ನು ಆ ಗೋಡೆ ಮುಂದೆ ಅರ್ಧ ಗಂಟೆ ಸುಮ್ನೆ ಬಿಡಿ, 'ಇದರಲ್ಲಿ ಯಾರು ಏನು ಮಾಡ್ತಿದ್ದಾರೆ ಹುಡುಕಿ' ಅನ್ನಿ, ಸಾಕು.

ಸರಿ, ತಿದ್ದಬಾರದು ಅಂದರೆ ಮೇಷ್ಟ್ರು ಮಾಡುವುದೇನು? ನನಗೆ ಫಲ ಕೊಟ್ಟಿರುವುದು ಒಂದೇ ದಾರಿ. ಬರೆಯುವ ಮೊದಲು ಆಡಿಸುವುದು.

ಅದೇ ಶಾಲೆಯಲ್ಲಿ ಬೆಂಚು, ಮಣೆ ಎಲ್ಲ ಸರಿಸಿ ಆಲೆಮನೆ ಕಟ್ಟಿದೆವು. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಉರುಳಿ ಗಾಣವಾದರು. ಒಬ್ಬಳು ಕಬ್ಬಾಗಿ ಅವರ ನಡುವೆ ನುಸುಳಿ ಹಿಂಡಿಹೋದಳು. ಮೂವರು ಒಲೆಯ ಬೆಂಕಿ, ಒಬ್ಬ ಬಗ್ಗಿ ಬಗ್ಗಿ ಒಣಗಿದ ಸಿಪ್ಪೆ ತುರುಕುವವನು. ಎಂಟು ಜನ ಕೈ ಹಿಡಿದು ಕೊಪ್ಪರಿಗೆ, ಅದರೊಳಗೆ ನಾಲ್ವರು ಕೊತಕೊತ ಕುದಿಯುವ ಕಬ್ಬಿನ ಹಾಲು, ಪಾಕ ಬಂದ ಹಾಗೆಲ್ಲ ನಿಧಾನ ನಿಧಾನವಾಗಿ ಗಟ್ಟಿಯಾಗಿ ಕೊನೆಗೆ ಅಚ್ಚಿನಲ್ಲಿ ಅಲುಗಾಡದೆ ಕೂರುವ ಬೆಲ್ಲ. ಮಾತಿಲ್ಲ, ಬರೀ ಸದ್ದು. ಹತ್ತು ನಿಮಿಷದ ಆಟ. ಆಮೇಲೆ ಹಾಳೆ ಕೊಟ್ಟೆ. ಯಾವಾಗಲೂ ಕಡ್ಡಿ ಥರ ನೆಟ್ಟಗೆ ನಿಲ್ಲುತ್ತಿದ್ದ ಮನುಷ್ಯರ ಬೆನ್ನು ಅವತ್ತು ಬಗ್ಗಿತ್ತು. ಸಿಪ್ಪೆ ತುರುಕುವವನಿಗೆ ಎರಡು ಮೊಳದ ಕೈ ಬಂದಿತ್ತು. ಎರಡು ಬೆಟ್ಟ ಒಬ್ಬರೂ ಬರೆಯಲಿಲ್ಲ. ಮೈಗೆ ಗೊತ್ತಾದದ್ದು ಕೈಗೆ ಬರುತ್ತದೆ. ಹಾಗಾಗಿ ಚಿತ್ರ ಬೇರೆ, ನಾಟಕ ಬೇರೆ ಅಂತ ಈ ವಯಸ್ಸಿನಲ್ಲಿ ಪೀರಿಯಡ್ ಹಂಚುವುದೇ ನನಗೆ ಸರಿ ಕಾಣುವುದಿಲ್ಲ.

ಇದೇನೂ ಹೊಸದಲ್ಲ. 1995ರಲ್ಲಿ ನಮ್ಮ ಹೆಚ್.ಡಿ.ಕೋಟೆಯಲ್ಲೇ ಶುರುವಾದ ನಲಿಕಲಿ ಅನ್ನುವ ಕಲಿಕೆಯ ಪದ್ಧತಿಯಲ್ಲಿ ಹಾಡು, ಆಟ, ಮಕ್ಕಳ ಎತ್ತರಕ್ಕೆ ಸಿಗುವ ಕರಿಹಲಗೆ ಎಲ್ಲ ಇದೆ. ಮೈಸೂರಿನ ನಾಟಕ ಸಂಸ್ಥೆ ರಂಗಾಯಣ ಬೇಸಿಗೆ ರಜೆಯಲ್ಲಿ ನಡೆಸುವ ಚಿನ್ನರ ಮೇಳದಲ್ಲೂ ಮಕ್ಕಳು ಆಡುತ್ತಾ ಹಾಡುತ್ತಾ ಕೈಕೆಲಸ ಮಾಡುತ್ತಾ ಒಟ್ಟಿಗೇ ಕಲಿಯುತ್ತಾರೆ.

ಶಾಲಾ ವಾರ್ಷಿಕೋತ್ಸವದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಹೊರಗಿಂದ ಡ್ಯಾನ್ಸ್ ಮಾಸ್ಟರ್ ಬರುತ್ತಾರೆ, ಚುರುಕಾದ ಹನ್ನೆರಡು ಮಕ್ಕಳನ್ನು ಆರಿಸುತ್ತಾರೆ, ಸಿನಿಮಾ ಹಾಡಿಗೆ ತಿಂಗಳುಗಟ್ಟಲೆ ಒಂದೇ ಸ್ಟೆಪ್ಪು. ಉಳಿದವರು ಚಪ್ಪಾಳೆ ತಟ್ಟಲು. ಅದೇ ಊರಲ್ಲಿ ಮಾರಿಹಬ್ಬಕ್ಕೆ ಪೂಜಾ ಕುಣಿತ ಹೊರುವವರು ಇರುತ್ತಾರೆ, ತಮಟೆ ಬಾರಿಸುವವರು ಇರುತ್ತಾರೆ, ಸೋಬಾನೆ ಹೇಳುವ ಅಜ್ಜಿಯರು ಇರುತ್ತಾರೆ. ಎಷ್ಟೋ ಸಲ ಅವರ ಮೊಮ್ಮಕ್ಕಳೇ ಆ ಕ್ಲಾಸಿನಲ್ಲಿ ಕೂತಿರುತ್ತಾರೆ. ಒಂದು ಶನಿವಾರ ಅವರನ್ನು ಕರೆದು ಕೂರಿಸಿ. ಕೋಲಾಟವಂತೂ ಇಡೀ ಶಾಲೆಗೆ ಸಾಕಾಗುತ್ತದೆ. ತಪ್ಪು ಹೆಜ್ಜೆ ಹಾಕಿದವನಿಗೆ ಯಾರೂ ಬೈಯಬೇಕಿಲ್ಲ, ಕೋಲು ಕೋಲಿಗೆ ತಾಗದೆ ಹೋದಾಗ ಅವನಿಗೇ ತಿಳಿಯುತ್ತದೆ.

ಸಾಮಾನಿಗೆ ದುಡ್ಡಿಲ್ಲ ಅನ್ನುವ ಮಾತು ನಾನು ಜಾಸ್ತಿ ನಂಬುವುದಿಲ್ಲ. ಇದ್ದಿಲು, ಕೆಮ್ಮಣ್ಣು, ಹಳೇ ಕ್ಯಾಲೆಂಡರಿನ ಬೆನ್ನು, ಕೆರೆಯ ಜೇಡಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ, ಆರತಿ ತಟ್ಟೆಯಲ್ಲಿ ಎಲ್ಲರೂ ನೋಡಿದ್ದೇ. ಅದರ ಮೇಲೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಸುಣ್ಣ ಮಾತ್ರ ನೀವೇ ಹಾಕಿ, ಮಕ್ಕಳ ಕೈಗೆ ಕೊಡಬೇಡಿ. ಅರಿಶಿನದ ಚಿತ್ರವನ್ನು ಬಿಸಿಲಿಗೆ ತೂಗುಹಾಕಬೇಡಿ, ಬಣ್ಣ ಹಾರಿಹೋಗುತ್ತದೆ. ಅಂಗಳದಲ್ಲಿ ಸೀಮೆಸುಣ್ಣದಿಂದ ರಂಗೋಲಿಗೆ 7ರಿಂದ 1ಕ್ಕೆ ಎದುರು ಚುಕ್ಕಿ ಇಡಿಸಿ (ಸಾಲಾಗಿ 1, 3, 5, 7, 5, 3, 1), ಒಟ್ಟು ಎಷ್ಟು ಅಂತ ಕೇಳಿ. 25. ಗಂಡುಮಕ್ಕಳೂ ಇಡಲಿ.

ಮೇಷ್ಟ್ರಿಲ್ಲ ಅನ್ನುವುದು ಮಾತ್ರ ನಿಜವಾದ ಕಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆ ಕಲೆಗೆ ಅರೆಕಾಲಿಕ ಬೋಧಕರು ಬೇಕು ಅನ್ನುವುದು ಆರರಿಂದ ಎಂಟನೇ ತರಗತಿಗೆ, ಅದೂ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ. ಒಂದರಿಂದ ಐದಕ್ಕೆ ಆ ಮಾತಿಲ್ಲ. ಅಂದರೆ ಕನ್ನಡ, ಗಣಿತ ಹೇಳುವ ಟೀಚರೇ ಇದನ್ನೂ ಮಾಡಬೇಕು. 'ನಮಗೆ ಒಂದು ಗೆರೆ ಎಳೆಯೋಕೂ ಬರಲ್ಲ ಸರ್' ಅಂತ ಅವರು ಹಿಂಜರಿಯುತ್ತಾರೆ. ಬರದಿದ್ದರೆ ಒಳ್ಳೆಯದೇ ಮೇಡಂ ಅನ್ನುತ್ತೇನೆ. ಬಂದಿದ್ದಕ್ಕೇ ಅಲ್ವಾ ನಾನು ಆ ಆಲೆಮನೆ ಹುಡುಗನ ಹಾಳೆ ಮೇಲೆ ಕೈ ಹಾಕಿದ್ದು. ನೀವು 'ಇದರಲ್ಲಿ ಏನಾಗ್ತಿದೆ ಹೇಳು' ಅಂತ ಕೇಳಿ, ಮಗು ಹೇಳಿದ್ದನ್ನು ಹಾಳೆಯ ಹಿಂದೆ ತಾರೀಖಿನ ಜೊತೆ ಹಾಗೇ ಬರೆದಿಡಿ. ಜೂನಿನ ಚಿತ್ರವನ್ನೂ ಫೆಬ್ರವರಿಯ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ ಗ್ರೇಡ್ ಏನು ಕೊಡಬೇಕು ಅನ್ನುವುದು ನಿಮಗೇ ಕಾಣುತ್ತದೆ. ಹಾಳೆಗಳನ್ನು ಕಟ್ಟಿಡಲು ಒಂದು ಹಳೇ ಸೀರೆಯ ಬಟ್ಟೆ ಸಾಕು, ಆದರೆ ಬೀರುವಿನ ಕೆಳಗಿನ ಅರೆಯಲ್ಲಿ ಇಡಬೇಡಿ. ನಮ್ಮ ಒಂದು ವರ್ಷದ ಕಟ್ಟನ್ನು ಗೆದ್ದಲು ತಿಂದಿತು.